ಯಾವ ಸೇವೆ ನಿಂತದ್ದು?

ಕಳೆದ ತಿಂಗಳ ಒಂದು ಸಂಜೆ ಅಮ್ಮ ಮೊಬೈಲ್ ಹಿಡಿದುಕೊಂಡು ಜಗಲಿಗೆ ಬಂದು, "ದೇವಸ್ಥಾನಕ್ಕೆ ದುಡ್ಡು ಕಟ್ಟಿ ಆಗಿದೆಯಲ್ಲ ಮಗಾ, ಯಾವ ಸೇವೆ ನಿಂತದ್ದು?" ಎಂದು ಕೇಳಿದರು. ಪರದೆಯ ಮೇಲೆ "ನಿಮ್ಮ ಸೇವೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿದೆ" ಎಂಬ ಸಂದೇಶವಿತ್ತು. ಕಳುಹಿಸಿದ್ದು ಒಂದು ಮೊಬೈಲ್ ಕಂಪೆನಿ. ರೀಚಾರ್ಜ್ ಅವಧಿ ಮುಗಿದಿತ್ತು, ಅಷ್ಟೆ. ಆದರೆ ತಿಂಗಳಿಗೊಮ್ಮೆ ಊರ ದೇವಸ್ಥಾನದಲ್ಲಿ ಹೂವಿನ ಪೂಜೆ ಮಾಡಿಸುವ, ಉಡುಪಿಯಲ್ಲೇ ಎಪ್ಪತ್ತು ವರ್ಷ ಬಾಳಿದ ಅಮ್ಮನಿಗೆ ಸೇವೆ ಎಂಬ ಮಾತಿಗೆ ಇರುವುದು ಒಂದೇ ಅರ್ಥ. ತನ್ನಿಂದ ಏನೋ ಲೋಪವಾಯಿತೆಂದು ಅವರು ಆ ಹೊತ್ತು ನಿಜಕ್ಕೂ ಕಳವಳಗೊಂಡಿದ್ದರು. ಅಂದಿನಿಂದ 'ಸರ್ವಿಸ್' ಎಂಬ ಇಂಗ್ಲಿಷ್ ಪದ ನನ್ನ ತಲೆಯಲ್ಲಿ ಸುತ್ತುತ್ತಲೇ ಇದೆ.

ಇಂಗ್ಲಿಷಿನಲ್ಲಿ ಈ ಒಂದು ಪದಕ್ಕಿರುವ ಹೊರೆ ಅಷ್ಟಿಷ್ಟಲ್ಲ. ಸೈನಿಕನ ದುಡಿಮೆ, ಇಗರ್ಜಿಯ ಪ್ರಾರ್ಥನಾ ವಿಧಿ, ಕಾರಿನ ಎಣ್ಣೆ ಬದಲಿಸುವ ಕೆಲಸ, ಶಟಲ್ ಆಟದಲ್ಲಿ ಮೊದಲ ಹೊಡೆತ, ಊಟದ ಮೇಜಿನ ಪಿಂಗಾಣಿ ಪಾತ್ರೆಗಳ ಜೋಡಣೆ, ನ್ಯಾಯಾಲಯದ ಸಮನ್ಸನ್ನು ಪ್ರತಿವಾದಿಯ ಕೈಗೆ ಮುಟ್ಟಿಸುವುದು, ಎಲ್ಲವೂ ಸರ್ವಿಸ್ಸೇ. ಪದದ ಮೂಲ ಲ್ಯಾಟಿನ್ನಿನ 'ಸೆರ್ವುಸ್', ಅಂದರೆ ಗುಲಾಮ. ನಮ್ಮ 'ಸೇವೆ' ಬಂದದ್ದು ಸಂಸ್ಕೃತದ ದಾರಿಯಿಂದ. ಕಿವಿಗೆ ಎರಡೂ ಅಕ್ಕಪಕ್ಕದ ಮನೆಯ ಪದಗಳಂತೆ ಕೇಳಿಸುವುದರಿಂದಲೇ ಈ ಗೊಂದಲ ಹುಟ್ಟಿರಬೇಕು ಎಂಬುದು ನನ್ನ ಊಹೆ.

ನಮ್ಮ ಊರಿನ ಜನ ಮಾತ್ರ ಈ ಅರ್ಥಗಳನ್ನು ಬಹಳ ಎಚ್ಚರದಿಂದ ಬೇರ್ಪಡಿಸಿಕೊಂಡಿದ್ದಾರೆ. ಉಡುಪಿಯಲ್ಲಿ ಸಿಟಿ ಬಸ್ ನಿಲ್ದಾಣ ಬೇರೆ, ಸರ್ವಿಸ್ ಬಸ್ ನಿಲ್ದಾಣ ಬೇರೆ. ಮಂಗಳೂರಿಗೋ ಕುಂದಾಪುರಕ್ಕೋ ಹೋಗುವವರು ಸರ್ವಿಸ್ ಬಸ್ಸನ್ನೇ ಹಿಡಿಯುತ್ತಾರೆ. ಬೈಕನ್ನು ಸರ್ವಿಸ್‌ಗೆ ಬಿಡುತ್ತೇವೆ, ಹೆದ್ದಾರಿ 66ರ ಬದಿಯಲ್ಲಿ ಸರ್ವಿಸ್ ರಸ್ತೆಗಾಗಿ ಒತ್ತಾಯಿಸುತ್ತೇವೆ, ನಿವೃತ್ತರಾದ ಮಾಸ್ತರರಿಗೆ ಎಷ್ಟು ವರ್ಷ ಸರ್ವಿಸ್ ಆಯಿತೆಂದು ವಿಚಾರಿಸುತ್ತೇವೆ. ಸಮನ್ಸಿಗೆ 'ಜಾರಿ' ಎಂಬ ಪದವಿದೆ. ಅನ್ನ ಸಾರಿಗೆ 'ಬಡಿಸುವುದು' ಎಂಬ, ನನ್ನ ಮಟ್ಟಿಗೆ ಬೇರಾವ ಪದವೂ ಸರಿಗಟ್ಟಲಾರದ ಮಾತಿದೆ. ಹೋಟೆಲಿನಲ್ಲಿ ಬಡಿಸುವವರನ್ನು ನಾವು ಹಿಂದಿನಿಂದಲೂ ಸಪ್ಲೈಯರ್ ಎಂದೇ ಕರೆದೆವು. 'ಸರ್ವರ್' ಎಂಬುದು ನಮ್ಮಲ್ಲಿಗೆ ಬಂದದ್ದು ಕಂಪ್ಯೂಟರಿನ ಜೊತೆಗೆ; ಹಾಗಾಗಿ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಅದು ಆಗಾಗ ಕೈಕೊಡುವ ಯಂತ್ರವೇ ಹೊರತು ಕೈಯಾರೆ ಬಡಿಸುವ ಮನುಷ್ಯನಲ್ಲ.

ಇಷ್ಟೆಲ್ಲ ಹಂಚಿಯಾದ ಮೇಲೆ 'ಸೇವೆ' ಎಂಬ ಪದವನ್ನು ಜನ ಒಂದು ಎತ್ತರದ ಜಾಗದಲ್ಲಿ ಇಟ್ಟುಕೊಂಡರು. ಕಟೀಲು ದೇವಸ್ಥಾನದ ಯಕ್ಷಗಾನ ಮೇಳದ ಸೇವೆಯಾಟವನ್ನೇ ನೋಡಿ. ಹರಕೆ ಹೊತ್ತ ಮನೆಯವರು ಖರ್ಚು ಭರಿಸಿ ಆಟ ಆಡಿಸುತ್ತಾರೆ, ಊರಿನವರನ್ನೆಲ್ಲ ಕರೆದು ಊಟ ಹಾಕುತ್ತಾರೆ, ಆದರೂ ಸೇವೆ ಪಡೆದವರು ಅವರಲ್ಲ, ಸಲ್ಲಿಸಿದವರು, ಸ್ವೀಕರಿಸಿದವಳು ದೇವಿ. ದೇವಸ್ಥಾನದ ರಶೀದಿಯಲ್ಲಿ ಸೇವಾಕರ್ತರೆಂದು ಬರೆಯುವುದು ಹಣ ಕೊಟ್ಟವರ ಹೆಸರನ್ನೇ. ಕಂಪೆನಿಯ ಕೌಂಟರಿನಲ್ಲಿ ಈ ದಿಕ್ಕು ಪೂರ್ತಿ ತಿರುಗಿಬಿಡುತ್ತದೆ: ಅಲ್ಲಿ ಹಣ ಕೊಟ್ಟವನು ಪಡೆಯುವವನು. ಎರಡಕ್ಕೂ ಒಂದೇ ಪದವನ್ನು ಅಂಟಿಸಿದರೆ ಕೊಟ್ಟವರು ಯಾರು, ಪಡೆದವರು ಯಾರು, ಋಣ ಯಾರ ಮೇಲೆ ಎಂಬುದು ಭಾಷೆಯಲ್ಲೇ ಮಸುಕಾಗುತ್ತದೆ.

ಇದನ್ನು ಬರಿಯ ಪದಗಳ ಮಡಿವಂತಿಕೆ ಎಂದು ತಳ್ಳಿಹಾಕಬಾರದೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಕಾನೂನು ಕೂಡ ಇದೇ ಗೆರೆಯ ಮೇಲೆ ನಿಂತಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅದರ ಜಾಗಕ್ಕೆ ಬಂದ 2019ರ ಕಾಯ್ದೆಯೂ ಸರ್ವಿಸ್ ಎಂದರೇನೆಂದು ವಿವರಿಸುವಾಗ, ಉಚಿತವಾಗಿ ಮಾಡಿಕೊಟ್ಟ ಕೆಲಸವನ್ನು ಸ್ಪಷ್ಟವಾಗಿ ಹೊರಗಿಟ್ಟಿವೆ. 1995ರಲ್ಲಿ ಭಾರತೀಯ ವೈದ್ಯಕೀಯ ಸಂಘ ಮತ್ತು ವಿ. ಪಿ. ಶಾಂತಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಣ ಪಡೆದು ನೀಡುವ ಚಿಕಿತ್ಸೆ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಎಲ್ಲರಿಗೂ ಉಚಿತವಾಗಿಯೇ ಚಿಕಿತ್ಸೆ ಕೊಡುವ ಆಸ್ಪತ್ರೆ ಬರುವುದಿಲ್ಲ ಎಂದು ಹೇಳಿತು. ಅಂದರೆ ಕಾನೂನಿನ ಸರ್ವಿಸ್ಸಿಗೆ ಬೆಲೆ ಇರಲೇಬೇಕು. ಜನರ ಮನಸ್ಸಿನ ಸೇವೆಗಾದರೋ ಪ್ರತಿಫಲದ ಆಸೆ ಇರಲೇಬಾರದು. ಇಷ್ಟು ವಿರುದ್ಧವಾದ ಎರಡನ್ನು ಒಂದೇ ಪದದಲ್ಲಿ ಕಟ್ಟಿಹಾಕಿ, ಹಣ ಪಡೆದ ಕೆಲಸದ ಕೊರತೆಯನ್ನು 'ಸೇವಾ ನ್ಯೂನತೆ' ಎಂದು ಬರೆದಾಗ, ಹಳ್ಳಿಯ ಹಿರಿಯರೊಬ್ಬರಿಗೆ ಅದು ದೂರು ಕೊಡುವ ವಿಷಯವೆಂದೇ ಅನ್ನಿಸುವುದಿಲ್ಲ. ಸೇವೆ ಮಾಡುವವರ ಮೇಲೆ ಯಾರಾದರೂ ದೂರು ಕೊಡುತ್ತಾರೆಯೇ? ಹಣ ತೆತ್ತವರೇ ಕೈಮುಗಿದು ನಿಲ್ಲುವುದನ್ನು ನಾನು ಎಷ್ಟೋ ಕೌಂಟರುಗಳ ಎದುರು ಕಂಡಿದ್ದೇನೆ, ಕಂಡಾಗಲೆಲ್ಲ ಸಂಕಟಪಟ್ಟಿದ್ದೇನೆ. ನಿಗದಿತ ದಿನಗಳೊಳಗೆ ಪ್ರಮಾಣಪತ್ರ ಪಡೆಯುವುದನ್ನು ಹಕ್ಕಾಗಿಸಿದ 2011ರ ನಮ್ಮ ಸಕಾಲ ಕಾಯ್ದೆಯ ಹೆಸರಿನಲ್ಲೂ 'ಸೇವೆ'ಯೇ ಇದೆ. ಅದರ ಮೊದಲ ಹೆಸರಿನಲ್ಲಿ ಪಕ್ಕದಲ್ಲೇ 'ಖಾತರಿ' ಎಂಬ ಗಟ್ಟಿ ಪದ ಇದ್ದದ್ದು ನನಗೆ ಕೊಂಚ ಸಮಾಧಾನ.

ಒಳ್ಳೆಯ ಕೆಲಸಕ್ಕೆ ಈ ಪದದ ಅಲಂಕಾರ ಬೇಕಾಗಿಯೂ ಇಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಂಡಿತು. ನಮ್ಮ ಕೇರಿಯಲ್ಲಿ ಅದನ್ನು ಯಾರೂ ಸೇವೆ ಎಂದು ಕರೆದ ನೆನಪಿಲ್ಲ. "ಪಿಗ್ಮಿಯವರು ಬಂದರು" ಎನ್ನುತ್ತಿದ್ದರು, ಬಂದವರು ಪುಸ್ತಕದಲ್ಲಿ ಲೆಕ್ಕ ಬರೆದು ಹೋಗುತ್ತಿದ್ದರು.

ಅನುವಾದ ಮಾಡುವವರಲ್ಲಿ ನನ್ನ ವಿನಂತಿ ಇಷ್ಟೆ: ಸರ್ವಿಸ್ ಕಂಡಲ್ಲೆಲ್ಲ ಸೇವೆ ಎಂದು ಬರೆಯುವ ಮೊದಲು ಅಲ್ಲಿ ನಡೆಯುತ್ತಿರುವ ಕೆಲಸ ಯಾವುದೆಂದು ನೋಡಿ. ಫೋನಿನದ್ದಾದರೆ ಸಂಪರ್ಕ, ಯಂತ್ರದ್ದಾದರೆ ದುರಸ್ತಿ, ಊಟದ್ದಾದರೆ ಬಡಿಸುವುದು, ಯಾವುದೂ ಹೊಂದದಿದ್ದರೆ ಸರ್ವಿಸ್ ಎಂದೇ ಇರಲಿ. "ನಿಮ್ಮ ರೀಚಾರ್ಜ್ ಮುಗಿದಿದೆ, ಹೊರಹೋಗುವ ಕರೆ ನಿಲ್ಲಿಸಿದ್ದೇವೆ" ಎಂದು ಬರೆದಿದ್ದರೆ ಅಮ್ಮ ಆ ಸಂಜೆ ಅರ್ಚಕರ ಮನೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿರಲಿಲ್ಲ.