ಜಾರ್ಜ್ ಬ್ರೆಟ್ 162 ಪಂದ್ಯ ಆಡಲೇ ಇಲ್ಲ, ಸ್ವಾಮಿ

ನಮ್ಮ ಸಿಮ್ ಬೇಸ್‌ಬಾಲ್ ಲೀಗ್‌ನಲ್ಲಿ ಮೂರು ವಾರದಿಂದ ಒಂದೇ ಜಗಳ. ಆಟಗಾರರಿಗೆ ಗಾಯವಾಗಿ ಪಂದ್ಯ ತಪ್ಪುವಂಥ ಗಾಯದ ನಿಯಮ ಇರಬೇಕಾ, ಬೇಡವಾ? ಬೇರೆ ಬೇರೆ ಕಾಲದ ಆಟಗಾರರ ಒಂದೊಂದು ಸೀಸನ್ ಆರಿಸಿಕೊಂಡು ತಂಡ ಕಟ್ಟುತ್ತೇವೆ. ಕಂಪ್ಯೂಟರಿನಲ್ಲಿ ಪೂರ್ತಿ ಸೀಸನ್, ಅಂದರೆ 162 ಪಂದ್ಯ ಆಡಿಸುತ್ತೇವೆ. ಕಳೆದ ಸಲ ಗಾಯವನ್ನು ಆಫ್ ಮಾಡಿ ಆಡಿದೆವು. ಹಾಗೆ ಮಾಡಿ ಅಂತ ಜೋರಾಗಿ ಕೂಗಿದವರಲ್ಲಿ ನಾನೂ ಒಬ್ಬ. ಯಾಕೆ ಅಂತ ಹೇಳಿಬಿಡುತ್ತೇನೆ. ನನ್ನ ತಂಡದಲ್ಲಿ 1980ರ ಜಾರ್ಜ್ ಬ್ರೆಟ್ ಇದ್ದ.

ಆ ವರ್ಷ ಬ್ರೆಟ್‌ನ ಬ್ಯಾಟಿಂಗ್ ಸರಾಸರಿ 0.390. ಬೇಸ್‌ಬಾಲ್ ನೋಡದವರಿಗಾಗಿ ಒಂದು ಮಾತು: 0.300 ಹೊಡೆದರೇ, ಅಂದರೆ ಹತ್ತಕ್ಕೆ ಮೂರು ಹಿಟ್ ಬಂದರೇ, ಒಳ್ಳೆಯ ಬ್ಯಾಟರ್ ಅಂತಾರೆ. 1941ರಲ್ಲಿ ಟೆಡ್ ವಿಲಿಯಮ್ಸ್ 0.406 ಹೊಡೆದ ಮೇಲೆ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎರಡರಲ್ಲೂ ಇವತ್ತಿನವರೆಗೆ ಯಾರೂ ಪೂರ್ತಿ ಸೀಸನ್‌ಗೆ 0.400 ಮುಟ್ಟಿಲ್ಲ. ಬ್ರೆಟ್ ಅಷ್ಟು ಹತ್ತಿರ ಬಂದವನು. ಆದರೆ ಗಾಯಗಳಿಂದಾಗಿ ಆಡಿದ್ದು 117 ಪಂದ್ಯ ಮಾತ್ರ. ನನ್ನ ತಂಡದಲ್ಲಿ? ಪೂರಾ 162. ಒಂದು ದಿನ ಕೂಡ ರಜೆ ಇಲ್ಲ. ನಾನು ಟ್ರೋಫಿ ಗೆದ್ದೆ, ಒಂದಷ್ಟು ಜಂಬವೂ ಕೊಚ್ಚಿಕೊಂಡೆ.

ಆಮೇಲೆ ನಿಧಾನವಾಗಿ ಚುಚ್ಚೋಕೆ ಶುರುವಾಯಿತು.

ಇಂಥ ಆಟಗಳು ಹೇಗೆ ನಡೆಯುತ್ತವೆ ನೋಡಿ. 1960ರ ದಶಕದ ಆರಂಭದಿಂದ ಇರುವ ಸ್ಟ್ರ್ಯಾಟ್-ಒ-ಮ್ಯಾಟಿಕ್ ಅನ್ನುವ ಬೋರ್ಡ್ ಆಟದಲ್ಲಿ ಪ್ರತಿ ಆಟಗಾರನಿಗೂ ಅವನ ಸೀಸನ್‌ನ ಅಂಕಿಗಳಿಂದ ಮಾಡಿದ ಒಂದು ಕಾರ್ಡ್ ಇರುತ್ತದೆ. ಮೂರು ದಾಳ ಹಾಕುತ್ತಾರೆ. ಒಂದು ದಾಳದಲ್ಲಿ 1ರಿಂದ 3 ಬಿದ್ದರೆ ಬ್ಯಾಟರ್ ಕಾರ್ಡ್ ನೋಡಬೇಕು, 4ರಿಂದ 6 ಬಿದ್ದರೆ ಪಿಚರ್ (ಚೆಂಡು ಎಸೆಯುವವನು) ಕಾರ್ಡ್. ಉಳಿದ ಎರಡು ದಾಳಗಳ ಮೊತ್ತ ಕಾರ್ಡಿನ ಯಾವ ಸಾಲು ಅಂತ ಹೇಳುತ್ತದೆ. ನಮ್ಮ ಕಂಪ್ಯೂಟರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಅಂದರೆ ಆಟಗಾರ ಕಣಕ್ಕಿಳಿದಾಗ ಎಷ್ಟು ಚೆನ್ನಾಗಿ ಆಡಿದ ಅನ್ನುವುದು ಕಾರ್ಡಿಗೆ ಗೊತ್ತು. ಎಷ್ಟು ದಿನ ಕಣಕ್ಕೇ ಇಳಿಯಲಿಲ್ಲ ಅನ್ನುವುದು ಗೊತ್ತಿಲ್ಲ. ಅದನ್ನು ನಿಯಮವೇ ಹೇಳಬೇಕು. ನಿಯಮ ತೆಗೆದರೆ 36 ಪಂದ್ಯ ಆಡಿದ 2021ರ ಮೈಕ್ ಟ್ರೌಟ್ ಕೂಡ ವರ್ಷವಿಡೀ ಆಡುತ್ತಾನೆ. ಹಾಗಾದರೆ ಕ್ಯಾಲ್ ರಿಪ್ಕೆನ್ 2,632 ಪಂದ್ಯ ಒಂದೂ ತಪ್ಪಿಸದೆ ಆಡಿದ್ದು ಸುಮ್ನೆನಾ? ನಮ್ಮ ಲೀಗ್‌ನಲ್ಲಿ ಎಲ್ಲರೂ ರಿಪ್ಕೆನ್‌ಗಳೇ. ರಿಪ್ಕೆನ್‌ಗೆ ಮಾತ್ರ ಅದರಿಂದ ಏನೂ ಲಾಭವಿಲ್ಲ.

ನಿಯಮ ಬೇಡ ಅನ್ನುವ ಎದುರು ಗುಂಪಿನವರ ವಾದವೂ ಪೊಳ್ಳಲ್ಲ. ಗಾಯ ಅದೃಷ್ಟದ ಮಾತು, ಅದಕ್ಕೂ ಶ್ರೇಷ್ಠತೆಗೂ ಏನು ಸಂಬಂಧ ಅಂತಾರೆ. 1951ರ ವರ್ಲ್ಡ್ ಸೀರೀಸ್‌ನಲ್ಲಿ (ವರ್ಷದ ಕೊನೆಯ ಫೈನಲ್ ಸರಣಿ) ಮಿಕಿ ಮ್ಯಾಂಟಲ್ ಕ್ಯಾಚ್‌ಗೆ ಓಡುವಾಗ ಅವನ ಶೂ ಮೈದಾನದ ಚರಂಡಿ ಮುಚ್ಚಳಕ್ಕೆ ಸಿಕ್ಕಿಕೊಂಡು ಮೊಣಕಾಲು ಹೋಯಿತು. ಅದು ಅವನ ತಪ್ಪಾ? ಖಂಡಿತ ಅಲ್ಲ. ಆದರೆ ತಪ್ಪು ಯಾರದು ಅಂತ ನಾನು ಕೇಳುತ್ತಲೇ ಇಲ್ಲ. ಆಡದ ಪಂದ್ಯದ ರನ್ನನ್ನು ಯಾರ ಲೆಕ್ಕಕ್ಕೆ ಬರೆಯುವುದು ಅಂತ ಕೇಳುತ್ತಿದ್ದೇನೆ. (1980ರ ವರ್ಲ್ಡ್ ಸೀರೀಸ್‌ನಲ್ಲಿ ಬ್ರೆಟ್ ಎರಡನೇ ಪಂದ್ಯದ ಮಧ್ಯದಲ್ಲಿ ಹೊರಗೆ ಹೋದದ್ದು ಮೂಲವ್ಯಾಧಿಯಿಂದ. ಸಣ್ಣ ಆಪರೇಷನ್ ಮಾಡಿಸಿಕೊಂಡು ಬಂದು ಮೂರನೇ ಪಂದ್ಯದಲ್ಲಿ ಹೋಂ ರನ್ ಬೇರೆ ಹೊಡೆದ. ಇದನ್ನು ನಮ್ಮ ನಿಯಮದ ಯಾವ ಸಾಲಿಗೆ ಸೇರಿಸೋಣ ಹೇಳಿ.)

ನನಗೆ ಉತ್ತರ ಸಿಗದೆ ಒದ್ದಾಡಿದ್ದು ಎಡಗೈ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್ ವಿಷಯದಲ್ಲಿ. 1966ರಲ್ಲಿ 323 ಇನಿಂಗ್ಸ್ ಪಿಚ್ ಮಾಡಿ 27 ಪಂದ್ಯ ಗೆದ್ದ. ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ತನ್ನ ಹೊಣೆಯಲ್ಲಿ ಬಿಟ್ಟುಕೊಟ್ಟ ಸರಾಸರಿ ರನ್, ಕಡಿಮೆಯಾದಷ್ಟೂ ಒಳ್ಳೆಯದು) 1.73. ಎಡ ಮೊಣಕೈಯಲ್ಲಿ ಸಂಧಿವಾತ. ಆ ವರ್ಷ ಮುಗಿಯುತ್ತಿದ್ದಂತೆ ಆಟ ಬಿಟ್ಟ. ವಯಸ್ಸು ಬರೀ 30. ಈ ಕಾರ್ಡನ್ನು ಯಾವ ಗಾಯದ ನಿಯಮವೂ ಹಿಡಿಯಲ್ಲ, ಯಾಕೆಂದರೆ ಆ ಸೀಸನ್ ಪೂರ್ತಿ ಆಡಿದ್ದಾನೆ. ಅಷ್ಟು ಆಡಿದ್ದಕ್ಕೆ ಬಿಲ್ ಬಂದಿದ್ದು ಮುಂದಿನ ವರ್ಷ. ನಮ್ಮ ಲೀಗ್‌ನಲ್ಲಿ ಮುಂದಿನ ವರ್ಷ ಅನ್ನೋದೇ ಇಲ್ಲ.

ಆದ್ದರಿಂದ ಅತಿ ದೊಡ್ಡ ಎಡಗೈ ಪಿಚರ್ ಯಾರು ಅನ್ನುವ ಜಗಳದಲ್ಲಿ ನಮ್ಮ ಲೀಗ್‌ನ ಅಂಕಿಗಳನ್ನು ತಂದು ತೋರಿಸುವವರನ್ನು ಕಂಡರೆ ನನಗೆ ನಗು. ಕೋಫ್ಯಾಕ್ಸ್ ಒಟ್ಟು ಗೆಲುವು 165. ವಾರನ್ ಸ್ಪಾನ್ ಗೆಲುವು 363, ಅದೂ ಯುದ್ಧಕ್ಕೆ ಹೋಗಿ ಮೂರು ಸೀಸನ್ ಕಳೆದುಕೊಂಡ ಮೇಲೆ. ನಾಳೆ ಒಂದೇ ಒಂದು ಪಂದ್ಯ ಗೆಲ್ಲಬೇಕು ಅಂದರೆ ನಾನೂ ಚೆಂಡನ್ನು ಕೋಫ್ಯಾಕ್ಸ್ ಕೈಗೇ ಕೊಡುತ್ತೇನೆ. ಆದರೆ ದೊಡ್ಡ ಆಟಗಾರ ಅಂದಾಗ ನನಗೆ ನೆನಪಾಗುವುದು ಸ್ಪಾನ್. 13 ಸೀಸನ್‌ಗಳಲ್ಲಿ 20 ಅಥವಾ ಅದಕ್ಕಿಂತ ಜಾಸ್ತಿ ಗೆದ್ದವನು. ನೀವು ಒಪ್ಪಲ್ಲ ಅಂತ ಗೊತ್ತು. ಬೈಯಿರಿ, ಅಡ್ಡಿಯಿಲ್ಲ.

ಈಗ ನಿಯಮಕ್ಕೆ ಬರೋಣ. ದಾಳ ಬಿದ್ದಂಗೆ ಗಾಯ ಅನ್ನುವುದು ನನಗೂ ಬೇಡ. ರಿಪ್ಕೆನ್ ಕಾರ್ಡ್ ಇಟ್ಟುಕೊಂಡವನಿಗೆ ಏಪ್ರಿಲ್‌ನಲ್ಲೇ ಎರಡು ತಿಂಗಳ ಗಾಯ ಬಂದರೆ ಅದು ಅನ್ಯಾಯ ಅಲ್ವಾ? ನಾನು ಹೇಳುವುದು ಇಷ್ಟೇ: ಆ ಸೀಸನ್‌ನಲ್ಲಿ ಆಟಗಾರ ನಿಜವಾಗಿ ಎಷ್ಟು ಸಲ ಬ್ಯಾಟಿಂಗ್‌ಗೆ ಬಂದನೋ, ಎಷ್ಟು ಇನಿಂಗ್ಸ್ ಪಿಚ್ ಮಾಡಿದನೋ, ಅಷ್ಟಕ್ಕೇ ಮಿತಿ. ಯಾವ ದಿನ ಕೂರಿಸಬೇಕು ಅನ್ನುವುದು ಮ್ಯಾನೇಜರ್‌ಗೆ ಬಿಟ್ಟಿದ್ದು. ಬ್ರೆಟ್‌ನನ್ನು ಮೊದಲ ದಿನದಿಂದ ದುಡಿಸಿದರೆ ಕೊನೆಯಲ್ಲಿ ಅವನು ಇರಲ್ಲ. ಉಳಿಸಿಕೊಂಡರೆ ಆರಂಭದಲ್ಲಿ ಸೋಲು ನುಂಗಬೇಕು. ಪ್ಲೇಆಫ್‌ಗೆ ಬೇರೆ ಮಿತಿ ಬೇಕಾಗುತ್ತದೆ, ಅದು ಇನ್ನೊಂದು ಜಗಳ, ಇನ್ನೊಂದು ದಿನ ಆಡೋಣ.

ಭಾನುವಾರ ಮತ ಹಾಕಬೇಕು. ನನ್ನ ಮತ ಮಿತಿಯ ಪರ, ಅಂದರೆ ನನ್ನ ತಂಡಕ್ಕೇ ವಿರುದ್ಧ. ಮಿತಿ ಗೆದ್ದರೆ ಬ್ರೆಟ್ ಇಲ್ಲದ 45 ಪಂದ್ಯಕ್ಕೆ ಅವನ ಜಾಗದಲ್ಲಿ ನನಗೊಬ್ಬ ಥರ್ಡ್ ಬೇಸ್‌ಮನ್ (ಮೂರನೇ ಬೇಸ್ ಕಾಯುವವನು) ಬೇಕು. ಯಾರ ಬಳಿಯಾದರೂ ಬೆಂಚಿನಲ್ಲಿ ಕೂತವನಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಪಿಚರ್ ಮಾತ್ರ ಕೇಳಬೇಡಿ, ಕೊಡಲ್ಲ.