ಬಂಡೆ ತಬ್ಬಿಕೊಳ್ಳಿ, ಭಾವ!

ರಾಫ್ಟಿಂಗ್‌ಗೆ, ಅಂದರೆ ರಬ್ಬರ್ ದೋಣಿಯಲ್ಲಿ ಹುಟ್ಟು ಹಾಕುತ್ತಾ ರಭಸದ ನದಿಯಲ್ಲಿ ಸಾಗೋಕೆ, ಹೋಗೋಣ ಎಂದವನು ನನ್ನ ಬಾಮೈದ. ನನಗೆ ಈಜು ಬರಲ್ಲ ಎಂದೆ. "ಈಜೋಕಲ್ಲ ಭಾವ, ಸುಮ್ನೆ ಕೂತ್ಕೊಳ್ಳೋಕೆ" ಎಂದ. ಕೂತುಕೊಳ್ಳುವ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷದ ಅನುಭವವಿದೆ. ಒಪ್ಪಿಕೊಂಡೆ.

ದಾಂಡೇಲಿ ದಾಟಿ ಗಣೇಶಗುಡಿಗೆ ಬಂದೆವು. ಇಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಅಡ್ಡ ನಿಂತಿದೆ. ಕರೆಂಟ್ ತಯಾರಿಸಲು ನೀರು ಬಿಟ್ಟರೆ ಕೆಳಗೆ ರಾಫ್ಟು ಓಡುತ್ತದೆ, ಇಲ್ಲದಿದ್ದರೆ ಇಲ್ಲ. ಅವತ್ತು ಬಿಟ್ಟಿದ್ದರು, ಆದರೆ ಕೈ ಬಿಗಿಹಿಡಿದು. ನೀರು ಕಡಿಮೆ ಅಂದರೆ ಅಪಾಯ ಕಡಿಮೆ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಮುಳುಗಿರಬೇಕಾದ ಬಂಡೆಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಮೇಲೆದ್ದು ಕೂತಿರುತ್ತವೆ ಅಂತ ಯಾರಿಗೆ ಗೊತ್ತಿತ್ತು?

ನದಿಯ ರಭಸಕ್ಕೆ 1ರಿಂದ 6ರವರೆಗೆ ದರ್ಜೆ ಇದೆಯಂತೆ. ಇಲ್ಲಿಯದು 2-3. ಎರಡನೇ ಕ್ಲಾಸು, ಮೂರನೇ ಕ್ಲಾಸು ತಾನೇ, ನನ್ನ ಮಗಳೇ ಪಾಸಾಗಿದ್ದಾಳೆ ಎಂದುಕೊಂಡೆ.

ದಡದಲ್ಲಿ ಗೈಡ್ ಪಾಠ ಶುರು ಮಾಡಿದ. ಹುಟ್ಟಿನ ಮೇಲ್ತುದಿಯ ಹಿಡಿ ಬಿಡಬೇಡಿ, ಪಕ್ಕದವರ ಹಲ್ಲು ಉದುರುತ್ತೆ. ನೀರಿಗೆ ಬಿದ್ದರೆ ಅಂಗಾತ ತೇಲಿ, ಕಾಲು ಮುಂದಕ್ಕೆ ಮೇಲಿರಲಿ. ಮೊಣಕಾಲುದ್ದ ನೀರಾದರೂ ರಭಸ ಇದ್ದಾಗ ಎದ್ದು ನಿಲ್ಲಬೇಡಿ, ಪಾದ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತೆ. ರಾಫ್ಟು ಬಂಡೆಗೆ ಒತ್ತಿಕೊಂಡರೆ ಬಂಡೆಯ ಕಡೆಗೇ ವಾಲಿ. ನಾನು ಅಷ್ಟು ಹೊತ್ತೂ ಲೈಫ್ ಜಾಕೆಟ್ಟಿನೊಳಗೆ ಹೊಟ್ಟೆ ತುರುಕುತ್ತಿದ್ದೆ.

ಮೊದಲ ಇಳಿತದಲ್ಲೇ ಹಿಡಿ ಬಿಟ್ಟೆ. ಬಾಮೈದನ ಮೂಗಿನ ಮೇಲೆ ಟಕ್ ಅಂತ ಸದ್ದಾಯಿತು. ಹಲ್ಲಿಗೇನೂ ಆಗಲಿಲ್ಲ, ಅಷ್ಟರಮಟ್ಟಿಗೆ ಪಾಠ ಪಾಲಿಸಿದೆ.

ಆಮೇಲೆ ಬಂತು ಆ ಬಂಡೆ. ನದಿಯ ಅರ್ಧಕ್ಕೆ ಅಡ್ಡವಾಗಿ, ಜಗಲಿಕಟ್ಟೆಯ ಹಾಗಿತ್ತು. ರಾಫ್ಟು ಅಡ್ಡಡ್ಡ ಹೋಗಿ ಅದಕ್ಕೆ ಒರಗಿತು. "ಬಂಡೆ ತಬ್ಬಿಕೊಳ್ಳಿ, ಭಾವ!" ಎಂದು ಬಾಮೈದ ಮೂಗು ಹಿಡಿದುಕೊಂಡೇ ಕೂಗಿದ. ಹೊಡೆಯಲು ಬಂದವನನ್ನು ತಬ್ಬಿಕೊಳ್ಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ನಾನು ಈಚೆ ವಾಲಿದೆ. ಈಚೆ ಅಂದರೆ ನೀರು ನುಗ್ಗಿ ಬರುವ ಕಡೆ. ನನ್ನ ಎಂಬತ್ತೆಂಟು ಕಿಲೋಗೆ ಆ ಅಂಚು ತಗ್ಗಿತು, ಅದರ ಮೇಲೆ ನದಿ ಹತ್ತಿತು. ರಾಫ್ಟು ಉಳಿಯಿತು, ನಾನು ಹೋದೆ.

ಕಾಳಿ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಪರವಾಗಿಲ್ಲ, ಅದಕ್ಕೂ ಮೊದಲು ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ, ಎಲ್ಲಾದರೂ ಒಂದು ಕಡೆ ಸಿಕ್ಕೇ ಸಿಗುತ್ತೇನೆ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಪಾದಕ್ಕೆ ನೆಲ ತಗುಲಿತು. ಎದ್ದು ನಿಂತೆ. ಎಡಗಾಲು ಸಂದಿಗೆ ಸರಿಯಾಗಿ ಕೂತಿತು, ಅಳತೆ ತೆಗೆದು ಕೊರೆದ ಹಾಗೆ. ಬೆನ್ನ ಹಿಂದಿನಿಂದ ನೀರು ದಬ್ಬತೊಡಗಿತು. ಮಂಡಿ ಮಡಚುತ್ತಿದೆ, ಪಾದ ಬರುತ್ತಿಲ್ಲ. ಆಗ ಮಾತ್ರ ನನಗೆ ನಗು ಬರಲಿಲ್ಲ.

ಗೈಡ್ ಎಸೆದ ಹಗ್ಗ ಎದೆಗೆ ಬಿತ್ತು. ಹಿಡಿದೆ, ಎಳೆದರು, ಕಾಲು ಬಂತು. ಚಪ್ಪಲಿ ಬರಲಿಲ್ಲ.

ಸಂಜೆ ದಾಂಡೇಲಿಯ ಅಂಗಡಿಯೊಂದಕ್ಕೆ ಕುಂಟುತ್ತಾ ಹೋಗಿ ಎಡಗಾಲಿಗೊಂದು ಚಪ್ಪಲಿ ಕೇಳಿದೆ. ಅಂಗಡಿಯವರು ಮುಖ ನೋಡಿ, "ರಾಫ್ಟಿಂಗಾ ಸಾರ್?" ಎಂದರು. ಜೋಡಿಯೇ ಕೊಂಡೆ. ಉಳಿದ ಹಳೆಯದನ್ನು ಎಸೆಯಲು ಹೋದರೆ ಹೆಂಡತಿ ಕಿತ್ತುಕೊಂಡು ಬ್ಯಾಗಿಗೆ ಹಾಕಿದಳು.

"ಇರ್ಲಿ ರೀ. ಒಂದಿನ ಪೂರ್ತಿ ನೀರು ನಿಲ್ಲಿಸ್ತಾರಲ್ಲ, ಆಗ ಬಂದು ಜೊತೆ ಮಾಡ್ಕೊಂಡು ಹೋಗೋಣ."