ಬೇಳೆಗೆ ಚೌಕಾಸಿ, ಷೇರಿಗೆ ನಮಸ್ಕಾರ

ಡಿಮಾರ್ಟಿಗೆ ಎರಡು ಥರದ ಜನ ಬರುತ್ತಾರೆ. ಸಾಮಾನು ತಗೊಳ್ಳೋಕೆ ಬರುವವರು ಕೆಲವರು. ಷೇರು ತಗೊಂಡು, ಅಂಗಡಿ ಹೇಗೆ ನಡೀತಿದೆ ಅಂತ ನೋಡೋಕೆ ಬರುವವರು ಇನ್ನು ಕೆಲವರು. ಈ ಎರಡನೆಯವರನ್ನು ಗುರುತು ಹಿಡಿಯುವುದು ಸುಲಭ. ಕೈ ಹಿಂದಕ್ಕೆ ಕಟ್ಟಿಕೊಂಡಿರುತ್ತಾರೆ. ಬಿಲ್ಲಿಂಗ್ ಸಾಲು ಉದ್ದವಾದಷ್ಟೂ ಮುಖಕ್ಕೆ ಕಳೆ ಬರುತ್ತದೆ. ಬಿಸ್ಕತ್ ಪೊಟ್ಟಣ ತೆಗೆದುಕೊಂಡು, ಆಮೇಲೆ ಬೇಡವೆಂದು ವಾಪಸ್ ಇಟ್ಟವರನ್ನು ದುರುಗುಟ್ಟಿ ನೋಡುತ್ತಾರೆ.

ನಮ್ಮ ಭಾವ ಈ ಪಂಗಡದವರು. ಅವರ ಹತ್ತಿರ ಇರುವುದು ಹನ್ನೆರಡು ಷೇರು. ಕಂಪನಿಯ ಒಟ್ಟು ಷೇರು ಸುಮಾರು 65 ಕೋಟಿ. ಅದರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಅಂಗಡಿ ಶುರು ಮಾಡಿದ ರಾಧಾಕಿಶನ್ ದಮಾನಿ ಮತ್ತು ಅವರ ಕಡೆಯವರ ಕೈಯಲ್ಲೇ ಇದೆ. ಉಳಿದ ಕಾಲು ಭಾಗದೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಭಾವನ ಹನ್ನೆರಡು. ಆದರೂ ಅವರ ಬಾಯಲ್ಲಿ ಅದು 'ನಮ್ಮ ಅಂಗಡಿ'. ದಮಾನಿ 'ನಮ್ಮ ದಮಾನಿ'.

ಈ ಹನ್ನೆರಡೂ ಸುಲಭವಾಗಿ ಬಂದಿದ್ದಲ್ಲ. 2017ರ ಮಾರ್ಚ್‌ನಲ್ಲಿ ಕಂಪನಿ ಐಪಿಒಗೆ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರೋಕೆ, ಬಂದಾಗ ಷೇರಿಗೆ 299 ರೂಪಾಯಿ. "ಕಿರಾಣಿ ಅಂಗಡಿಗೆ ಇಷ್ಟೊಂದಾ? ದುಬಾರಿ" ಅಂದರು ಭಾವ. ಷೇರುಪೇಟೆಯಲ್ಲಿ ಲಿಸ್ಟ್ ಆದ ದಿನವೇ ಎರಡು ಪಟ್ಟಾಯಿತು. "ಇಳಿದಾಗ ನೋಡೋಣ" ಅಂದರು. ಸಾವಿರ ದಾಟಿತು, ಎರಡು ಸಾವಿರ ದಾಟಿತು. ಭಾವ ಇಳಿಯುವುದನ್ನೇ ಕಾಯುತ್ತಿದ್ದರು. 2021ರ ಅಕ್ಟೋಬರ್‌ನಲ್ಲಿ ಐದೂವರೆ ಸಾವಿರ ದಾಟಿದಾಗ ಅವರಿಗೆ ಜ್ಞಾನೋದಯವಾಯಿತು. "ಈಗ ಬಿಟ್ರೆ ಇನ್ನು ಸಿಗಲ್ಲ" ಅಂತ ಆ ದಿನವೇ ತಗೊಂಡರು. 299ಕ್ಕೆ ದುಬಾರಿಯಾಗಿದ್ದದ್ದು ಐದೂವರೆ ಸಾವಿರಕ್ಕೆ ಅಗ್ಗವಾಗಿ ಕಂಡಿತ್ತು. ಇದೇ ಮನುಷ್ಯ ತೊಗರಿಬೇಳೆ ಕಿಲೋಗೆ ನಾಲ್ಕು ರೂಪಾಯಿ ಕಮ್ಮಿ ಅಂದರೆ ಪಕ್ಕದ ಬಡಾವಣೆವರೆಗೂ ಸ್ಕೂಟರ್ ಓಡಿಸುತ್ತಾರೆ. ಪೆಟ್ರೋಲ್ ಲೆಕ್ಕ ಬೇರೆ ಬಿಡಿ.

ಮಾಲೀಕರಾದ ಮೇಲೆ ಬೇಳೆಯ ಕಷ್ಟವೂ ಜಾಸ್ತಿಯಾಗಿದೆ. ರೇಟ್ ಇಳಿದರೆ ಅಕ್ಕನಿಗೆ ಖುಷಿ, ಭಾವನಿಗೆ ಸಂಕಟ. "ಹಿಂಗೆ ಕಮ್ಮಿಗೆ ಕೊಟ್ರೆ ಮಾರ್ಜಿನ್ ಏನಾಗ್ಬೇಕು?" ಅಂತ ಗೊಣಗುತ್ತಲೇ ಐದು ಕಿಲೋ ಟ್ರಾಲಿಗೆ ಹಾಕುತ್ತಾರೆ. ಅವರ ಸಂಕಟಕ್ಕೆ ಕಾರಣವೂ ಇದೆ ಅನ್ನಿ. 2024-25ರಲ್ಲಿ ನೂರು ರೂಪಾಯಿ ವ್ಯಾಪಾರಕ್ಕೆ ಕಂಪನಿಗೆ ಉಳಿದದ್ದು ನಾಲ್ಕೂವರೆ ರೂಪಾಯಿ. ಅಗ್ಗಕ್ಕೆ ಮಾರುವುದೇ ಆ ಅಂಗಡಿಯ ಕಸುಬು. ಅಲ್ಲಿ ಸೋಪಿನಿಂದ ಬಕೆಟ್‌ವರೆಗೆ ಎಲ್ಲದಕ್ಕೂ ಡಿಸ್ಕೌಂಟ್ ಇದೆ. ಇಲ್ಲದೇ ಇರುವುದು ಷೇರಿಗೆ ಮಾತ್ರ.

ಒಂದು ದಿನ ಅಕ್ಕ ಲೆಕ್ಕ ಕೇಳಿದಳು.

"ರೀ, ಒಂದು ಷೇರಿಗೆ ಈಗ ಎಷ್ಟು?"

"ನಾಲ್ಕು ಸಾವಿರದ ಆಸುಪಾಸು."

"ಒಂದು ಷೇರಿನ ಪಾಲಿಗೆ ವರ್ಷದ ಲಾಭ?"

"ನಲವತ್ತೊಂದು ಚಿಲ್ಲರೆ."

"ಅಂದ್ರೆ ಹಾಕಿದ ದುಡ್ಡು ಹುಟ್ಟೋಕೆ ನೂರು ವರ್ಷ?"

"ಲಾಭ ಬೆಳೀತಾ ಹೋಗುತ್ತೆ ಕಣೆ. ಅದಕ್ಕೇ ಪಿಇ, ಅಂದ್ರೆ ಲಾಭದ ಎಷ್ಟು ಪಟ್ಟು ಬೆಲೆ ಅನ್ನೋದು, ನೂರು. ಮಾರ್ಕೆಟ್ಟು ಮುಂದಿನದನ್ನ ನೋಡುತ್ತೆ."

"ಸರಿ, ಈ ವರ್ಷದ ನಲವತ್ತೊಂದಾದ್ರೂ ಕೈಗೆ ಬಂತಾ?"

ಬರುವುದಿಲ್ಲ. ಲಿಸ್ಟ್ ಆದಾಗಿನಿಂದ ಕಂಪನಿ ಡಿವಿಡೆಂಡ್ ಅಂತ ಷೇರುದಾರರಿಗೆ ಲಾಭ ಹಂಚಿದ್ದೇ ಇಲ್ಲ. ಲಾಭವನ್ನೆಲ್ಲ ಹೊಸ ಅಂಗಡಿಗೆ ಹಾಕುತ್ತದೆ. ಬಾಡಿಗೆಗಿಂತ ಸ್ವಂತ ಜಾಗದಲ್ಲೇ ಅಂಗಡಿ ಕಟ್ಟುವುದು ಅವರ ಪದ್ಧತಿ. 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಶುರುವಾದದ್ದು 2025ರ ಮಾರ್ಚ್ ಹೊತ್ತಿಗೆ 415 ಅಂಗಡಿ ಆಗಿತ್ತು. ಬಾಡಿಗೆ ಜಾಗ ನಂಬಿದ ಬಿಗ್ ಬಜಾರ್ ಗತಿ ಏನಾಯಿತು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಬೋರ್ಡೂ ಹೋಯಿತು, ಷೇರೂ ಹೋಯಿತು.

"ಮತ್ತೆ ನಮಗೇನು ಬಂತು?" ಅಂದಳು ಅಕ್ಕ.

"ಅಂಗಡಿ ಬಂತು!" ಅಂದರು ಭಾವ.

ಇಷ್ಟು ತಾಳ್ಮೆಯ ಮನುಷ್ಯ, ನೂರು ವರ್ಷ ಕಾಯಲು ತಯಾರಿರುವವರು, ಕೊತ್ತಂಬರಿ ಸೊಪ್ಪಿಗೆ ಮಾತ್ರ ಹತ್ತು ನಿಮಿಷಕ್ಕಿಂತ ಜಾಸ್ತಿ ಕಾಯುವುದಿಲ್ಲ. ಫೋನ್ ತೆಗೆದು ಯಾವುದೋ ಆ್ಯಪ್‌ನಲ್ಲಿ ಒತ್ತುತ್ತಾರೆ. ಹಾಲು, ಮೊಸರು, ಉಪ್ಪು, ನಿಂಬೆಹಣ್ಣು ಎಲ್ಲವೂ ಹಾಗೇ ಬರುತ್ತಿದೆ. ಅವರ ಮನೆಯೊಂದೇ ಅಲ್ಲ, ಇಡೀ ಅಪಾರ್ಟ್‌ಮೆಂಟ್ ಹೀಗೇ. ಗೇಟಿನಲ್ಲಿ ಡೆಲಿವರಿ ಹುಡುಗರ ಸಾಲು. ಮೇಲಿನ ಮನೆಗಳಲ್ಲಿ ಡಿಮಾರ್ಟ್ ಷೇರುದಾರರ ಸಾಲು.

2024ರ ಅಕ್ಟೋಬರ್ 14, ಸೋಮವಾರ. ಷೇರು ಒಂದೇ ದಿನಕ್ಕೆ ಶೇಕಡಾ 8ರಷ್ಟು ಬಿತ್ತು. ಮಹಾನಗರಗಳ ದೊಡ್ಡ ಅಂಗಡಿಗಳಿಗೆ ಆನ್‌ಲೈನ್ ದಿನಸಿಯಿಂದ ಪೆಟ್ಟು ಬಿದ್ದಿದೆ ಅಂತ ಕಂಪನಿಯೇ ಒಪ್ಪಿಕೊಂಡಿತ್ತು. ಭಾವ ಟಿವಿ ಮುಂದೆ ಕೂತು ಹಲ್ಲು ಕಡಿಯುತ್ತಿದ್ದರು. "ಜನಕ್ಕೆ ಸೋಮಾರಿತನ ಕಣಯ್ಯಾ. ಎದ್ದು ಅಂಗಡಿಗೆ ಹೋಗೋಕೆ ಏನು ರೋಗ?" ಅಂತ ನನ್ನನ್ನೇ ಬೈದರು. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಅವರದೇ ಆರ್ಡರ್, ಎರಡು ಲೀಟರ್ ಹಾಲು ಮತ್ತು ತಲೆನೋವಿನ ಮುಲಾಮು.

ಷೇರನ್ನು ಇಳಿಸುವವರು ಯಾರೋ ದಲ್ಲಾಳಿಗಳು, ವಿದೇಶಿ ಫಂಡುಗಳು ಅಂತ ಟಿವಿಯವರು ಹೇಳುತ್ತಿರುತ್ತಾರೆ. ಒಂದು ಸಲ ಅಪಾರ್ಟ್‌ಮೆಂಟ್ ಗೇಟಿನ ಪುಸ್ತಕ ತೆಗೆದು ನೋಡಬಾರದಾ ಅಂತ.

ಭಾವ ಕೊನೆಗೆ ಮಾರಿಬಿಟ್ಟರು. ಬಂದ ದುಡ್ಡಿಗೆ ಮನೆ ಬಾಗಿಲಿಗೆ ದಿನಸಿ ತಂದುಕೊಡುವ ಸ್ವಿಗ್ಗಿಯ ಷೇರು ತಗೊಂಡರು. ಆ ಕಂಪನಿ 2024-25ರಲ್ಲಿ ಮಾಡಿದ ನಷ್ಟ ಮೂರು ಸಾವಿರ ಕೋಟಿಗೂ ಜಾಸ್ತಿ. ನನಗೆ ಕೇಳದೆ ಇರಲಾಗಲಿಲ್ಲ.

"ಭಾವ, ಡಿಮಾರ್ಟ್ ಪಿಇ ನೂರು ಅಂತಿದ್ರಿ. ಇದರ ಪಿಇ ಎಷ್ಟು?"

"ಲಾಭವೇ ಇಲ್ಲದ ಮೇಲೆ ಪಿಇ ಎಲ್ಲಿಂದ ಬರುತ್ತೆ?" ಅಂದರು, ಕಾಲ ಮೇಲೆ ಕಾಲು ಹಾಕಿ. "ದುಬಾರಿ ಅಂತ ನಿಮ್ಮಕ್ಕ ಇನ್ನು ಬಾಯಿ ತೆಗೆಯೋ ಹಾಗೇ ಇಲ್ಲ."